ಸಾಲ ಮಾಡಿಯಾದರೂ ಇಂಗ್ಲಿಷ್ ಮೀಡಿಯಂಗೆ ಹಾಕಬೇಕಾ? ಗೊತ್ತಿದ್ದವರು ಹೇಳಿ

ಪೆರ್ಲದ ಅಪ್ಪ:
ನಾವು ಕೇರಳದ ಕಾಸರಗೋಡು ಕಡೆಯವರು. ಮಗಳು ಊರಿನ ಕನ್ನಡ ಮೀಡಿಯಂ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆಯಲ್ಲಿ ನಾಲ್ಕನೇ ಕ್ಲಾಸ್. ನಾನು ರಿಕ್ಷಾ ಓಡಿಸುತ್ತೇನೆ, ಹೆಂಡತಿ ಅಡಿಕೆ ಸುಲಿಯಲು ಹೋಗುತ್ತಾಳೆ, ಮಳೆಗಾಲದಲ್ಲಿ ಇಬ್ಬರಿಗೂ ದುಡಿಮೆ ಕಡಿಮೆ. ಅಕ್ಕಪಕ್ಕದ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂಗೆ ಹೋದರು. ಫೀಸ್, ವ್ಯಾನ್, ಪುಸ್ತಕ, ಶೂ ಎಲ್ಲ ಸೇರಿಸಿದರೆ ನಮ್ಮ ವರ್ಷದ ದುಡಿಮೆಯಲ್ಲಿ ಮೂರನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ದುಡ್ಡಿಲ್ಲ ಅಂತ ಅವಳು ಹಿಂದೆ ಬೀಳಬಾರದು, ಅಷ್ಟೇ. ಏನು ಮಾಡಲಿ?

ನಿವೃತ್ತ ಮಾಷ್ಟ್ರು, ಬದಿಯಡ್ಕ:
ಸರ್ಕಾರಿ ಶಾಲೆ ಇರಲಿ, ಖಾಸಗಿಯವರು ನಡೆಸುವ ಅನುದಾನಿತ (ಏಡೆಡ್) ಶಾಲೆ ಇರಲಿ, ಟೀಚರ ಸಂಬಳ ಸರ್ಕಾರದ್ದೇ. ಎಂಟರವರೆಗೆ ಪುಸ್ತಕ, ಮಧ್ಯಾಹ್ನದ ಊಟ ಎರಡೂ ಪುಕ್ಕಟೆ. ಆದರೆ ಎಷ್ಟು ಟೀಚರು ಇರಬೇಕು ಅನ್ನುವುದು ಮಕ್ಕಳ ಲೆಕ್ಕದ ಮೇಲೆ. ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಸುತ್ತಾರೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಯುಪಿಯಲ್ಲಿ (ಅಪ್ಪರ್ ಪ್ರೈಮರಿ) 35ಕ್ಕೆ ಒಬ್ಬರು. ಕೈಯಲ್ಲಿ ಸ್ವಲ್ಪ ದುಡ್ಡಿರುವವರು ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಲೆಕ್ಕ ಇಳಿಯುತ್ತದೆ, ಹುದ್ದೆ ಹೋಗುತ್ತದೆ, ಕೊನೆಗೆ ಎಲ್ಲಿಗೂ ಹೋಗಲಾಗದ ಬೀಡಿ ಕಟ್ಟುವವರ ಮಕ್ಕಳು, ಕೂಲಿಯವರ ಮಕ್ಕಳು ಎರಡು ಕ್ಲಾಸ್ ಒಟ್ಟಿಗೆ ಕೂತು ಪಾಠ ಕೇಳಬೇಕಾಗುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನಿಮ್ಮ ಮೇಲೆ ಹೊರೆ ಹಾಕಲು ಹೇಳುತ್ತಿಲ್ಲ. ನಿಮ್ಮ ಮಗಳ ಹೆಸರು ಆ ಲೆಕ್ಕದಲ್ಲಿ ಸಣ್ಣದಲ್ಲ, ಅಷ್ಟೇ.

ಉಪ್ಪಳದ ಅಕ್ಕ:
ನಾನು ಹಾಕಿದೆ ಅಣ್ಣ. ಗಂಡ ಗಲ್ಫ್‌ನಲ್ಲಿ, ಫೀಸ್ ಹೇಗೋ ಆಗುತ್ತದೆ. ಆದರೆ ಫೀಸ್ ಕಟ್ಟಿದರೆ ಮುಗಿಯುವುದಿಲ್ಲ. ನಾನು ಕಲಿತದ್ದು ಕನ್ನಡದಲ್ಲಿ, ಹೋಂವರ್ಕ್ ಹೇಳಿಕೊಡಲು ಬರುವುದಿಲ್ಲ, ಹಾಗಾಗಿ ಸಂಜೆ ಟ್ಯೂಷನ್, ಅದಕ್ಕೆ ಬೇರೆ ದುಡ್ಡು. ಮಗ ವಿಜ್ಞಾನದ ಉತ್ತರ ಗಡಗಡ ಒಪ್ಪಿಸುತ್ತಾನೆ. ಹಾಗಂದರೆ ಏನು ಮಗಾ ಅಂತ ಕೇಳಿದರೆ ಸುಮ್ನೆ ನನ್ನ ಮುಖ ನೋಡುತ್ತಾನೆ. ಫೀಸಿಗೇ ಸಾಲ ಮಾಡಿದರೆ ಟ್ಯೂಷನ್‌ಗೆ ಎಲ್ಲಿಂದ ತರುತ್ತೀರಿ?

ಮುಳ್ಳೇರಿಯದ ಹುಡುಗಿ:
ನಾನು ಹತ್ತರವರೆಗೂ ಕನ್ನಡ ಮೀಡಿಯಂ. ಅಮ್ಮ ಬೀಡಿ ಕಟ್ಟುತ್ತಿದ್ದರು. ಎಂಟರಲ್ಲಿ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆ ಬರೆದು ಪಾಸಾದೆ, ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ನೇರ ಅಕೌಂಟ್‌ಗೆ ಬಂತು. ಸರ್ಕಾರಿ, ಏಡೆಡ್ ಶಾಲೆಯ ಮಕ್ಕಳಿಗೆ ಮಾತ್ರ ಅದು, ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ದಾಟಬಾರದು.

ಹಾಗಂತ ಎಲ್ಲ ಚೆನ್ನಾಗಿತ್ತು ಅಂತ ಹೇಳಲಾರೆ. ಒಂಬತ್ತರಲ್ಲಿ ಲೆಕ್ಕಕ್ಕೆ ಕನ್ನಡ ಬಾರದ ಟೀಚರ್ ಬಂದರು. ಪಾಪ, ಅವರು ಬೋರ್ಡಿನಲ್ಲಿ ಲೆಕ್ಕ ಮಾಡಿ ಮಲಯಾಳದಲ್ಲಿ ವಿವರಿಸುತ್ತಿದ್ದರು, ನಾವು ಅಂಕಿ ಮಾತ್ರ ಬರೆದುಕೊಳ್ಳುತ್ತಿದ್ದೆವು. ದುಡ್ಡಿದ್ದವರು ಕಾಸರಗೋಡು ಪೇಟೆಗೆ ಟ್ಯೂಷನ್‌ಗೆ ಹೋದರು. ನಾವು ಉಳಿದವರು ಹಳೇ ಗೈಡ್ ಹಂಚಿಕೊಂಡು ಓದಿದೆವು, ಕೆಲವರು ಲೆಕ್ಕದಲ್ಲೇ ಹಿಂದುಳಿದುಬಿಟ್ಟರು, ಅವರಿಗೆ ಬುದ್ಧಿ ಕಮ್ಮಿ ಇತ್ತು ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ಕಟ್ಟಡ ಹೊಸದು, ಪ್ರೊಜೆಕ್ಟರ್ ಇತ್ತು, ನಮಗೆ ಬೇಕಾದದ್ದು ಕನ್ನಡ ಗೊತ್ತಿರುವ ಒಬ್ಬ ಲೆಕ್ಕದ ಟೀಚರ್.

ಅಣ್ಣ, ಯುಪಿ ಶಾಲೆಗೆ ಹೋಗಿ ಕೇಳಿ: ಲೆಕ್ಕ, ಇಂಗ್ಲಿಷ್ ಯಾರು ಕಲಿಸುತ್ತಾರೆ, ಖಾಯಂ ಇದ್ದಾರಾ ದಿನಗೂಲಿಯವರಾ, ಕನ್ನಡ ಬರುತ್ತದಾ. ಶಾಲೆಯ ಗೇಟಿನ ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ.

ಪೆರ್ಲದ ಅಪ್ಪ:
ತುಂಬಾ ಉಪಕಾರ. ನನಗೆ ವ್ಯಾನ್ ಫೀಸೇ ಕಣ್ಣಿಗೆ ಕಾಣುತ್ತಿತ್ತು, ಟ್ಯೂಷನ್ ಯೋಚನೆಯೇ ಬಂದಿರಲಿಲ್ಲ. ಸೋಮವಾರ ಯುಪಿ ಶಾಲೆಗೆ ಹೋಗುತ್ತೇನೆ. ಲೆಕ್ಕಕ್ಕೆ ಆಳಿಲ್ಲ ಅಂದರೆ?

ನಿವೃತ್ತ ಮಾಷ್ಟ್ರು, ಬದಿಯಡ್ಕ:
ಪೋಷಕರು-ಟೀಚರ ಸಭೆಯಲ್ಲಿ (ಪಿಟಿಎ) ಎದ್ದು ಕೇಳಿ, ಬರವಣಿಗೆಯಲ್ಲಿ ಶಿಕ್ಷಣ ಇಲಾಖೆಯ ಎಇಒ ಆಫೀಸಿಗೆ ಕೊಡಿ, ನಾಲ್ಕು ಜನ ಪೋಷಕರ ಸಹಿ ಇರಲಿ. ಒಬ್ಬರೇ ಹೋದರೆ ನಾಳೆ ಬನ್ನಿ ಅನ್ನುತ್ತಾರೆ. ಮತ್ತೆ, ಈ ವರ್ಷ ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆ ಬರೆಸುತ್ತಿದ್ದೀರಿ ಅಲ್ವಾ? ಟೀಚರ ಹತ್ತಿರ ಇವತ್ತೇ ಕೇಳಿ.