ಪ್ರಕಟವಾಗುವ ಮೊದಲೇ ಸುದ್ದಿಯಾದ ಬಿಗ್‌ಫುಟ್ ಡಿಎನ್‌ಎ: ನಂಬುವುದೋ, ಕಾಯುವುದೋ?

ಪ್ರಶ್ನೆ: ಮೇಡಂ, ತಾವು ವನ್ಯಜೀವಿಗಳ ಡಿಎನ್‌ಎ ಪರೀಕ್ಷೆ ಮಾಡುವವರಾದ್ದರಿಂದ ಕೇಳುತ್ತಿದ್ದೇನೆ. ಉತ್ತರ ಅಮೆರಿಕದ ಕಾಡುಗಳಲ್ಲಿ ಇದೆಯೆಂದು ಹೇಳಲಾಗುವ, ಮೈತುಂಬ ರೋಮವಿರುವ, ಎರಡು ಕಾಲಿನ ಮೇಲೆ ನಡೆಯುವ ‘ಬಿಗ್‌ಫುಟ್’ ಎಂಬ ಪ್ರಾಣಿಯ ಡಿಎನ್‌ಎ ಸಿಕ್ಕಿದೆಯೆಂದು ಟೆಕ್ಸಸ್‌ನ ಪಶುವೈದ್ಯೆ ಮೆಲ್ಬಾ ಕೆಚಮ್ ಅವರು 2012ರ ನವೆಂಬರ್ 24ರಂದು ಪತ್ರಿಕಾ ಹೇಳಿಕೆ ನೀಡಿದ್ದರು. ಐದು ವರ್ಷಗಳ ಅಧ್ಯಯನ, ಮೂರು ಪೂರ್ಣ ಜೀನೋಮ್ (ಜೀವಿಯ ಇಡೀ ಡಿಎನ್‌ಎ) ಎಂದೆಲ್ಲ ಅದರಲ್ಲಿತ್ತು, ಆದರೆ ಪ್ರಬಂಧ ಮಾತ್ರ ಎಲ್ಲಿಯೂ ಪ್ರಕಟವಾಗಿರಲಿಲ್ಲ. ನಾನಂತೂ ಅದಕ್ಕಾಗಿ ದಿನ ಎಣಿಸುತ್ತಿದ್ದೆ. ಪ್ರಬಂಧವನ್ನು ಕಣ್ಣಿನಿಂದಲೂ ನೋಡದ ವಿಜ್ಞಾನಿಗಳು ಅಂದೇ ಅದನ್ನು ತಳ್ಳಿಹಾಕಿದ್ದು ನ್ಯಾಯವೇ?

ಉತ್ತರ: ಓದದೆ ತೀರ್ಪು ಕೊಡುವುದು ನ್ಯಾಯವಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅನುಮಾನಪಡಲು ಪ್ರಬಂಧ ಬೇಕಾಗಿರಲಿಲ್ಲ. ಅನುಮಾನಕ್ಕೆ ಕಾರಣ ಆ ಹೇಳಿಕೆಯೊಳಗೇ ಇತ್ತು. ಮಾದರಿಗಳ ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ, ಇದರ ಡಿಎನ್‌ಎ ತಾಯಿಯಿಂದಷ್ಟೇ ಬರುತ್ತದೆ) ಡಿಎನ್‌ಎ ಇಂದಿನ ಮನುಷ್ಯರದ್ದೇ ಆಗಿದೆ, ಕೋಶಕೇಂದ್ರದ ಡಿಎನ್‌ಎ ಮಾತ್ರ ಯಾವುದಕ್ಕೂ ಹೊಂದುವುದಿಲ್ಲ, ಆದ್ದರಿಂದ ಸುಮಾರು 15,000 ವರ್ಷಗಳ ಹಿಂದೆ ಮನುಷ್ಯ ಸ್ತ್ರೀಯರೊಡನೆ ಅಜ್ಞಾತ ಪ್ರಭೇದವೊಂದರ ಗಂಡುಗಳು ಕೂಡಿ ಈ ಜೀವಿ ಹುಟ್ಟಿತು ಎಂಬುದು ಅವರ ವಾದವಾಗಿತ್ತು.

ಈ ವಾದವನ್ನು ಕೇಳಿದಾಗ ನಮ್ಮಂಥವರಿಗೆ ಮೊದಲು ನೆನಪಾಗುವುದು ಕಾಡಿನ ಜೀವಿಯಲ್ಲ, ನಮ್ಮದೇ ಬೆರಳುಗಳು. ಒಂದು ಜೀವಕೋಶದಲ್ಲಿ ಕೋಶಕೇಂದ್ರದ ಡಿಎನ್‌ಎ ಎರಡು ಪ್ರತಿ ಇದ್ದರೆ ಮೈಟೊಕಾಂಡ್ರಿಯದ್ದು ನೂರಾರು, ಕೆಲವೊಮ್ಮೆ ಸಾವಿರಾರು ಪ್ರತಿ ಇರುತ್ತದೆ. ಬಿಸಿಲು ಮಳೆಗೆ ಸಿಕ್ಕಿ ಹಾಳಾದ ಕೂದಲೊಂದನ್ನು ಯಾರೋ ಬರಿಗೈಯಲ್ಲಿ ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸಿದರೆ, ಎತ್ತಿದವನ ಮೈಟೊಕಾಂಡ್ರಿಯ ಸ್ಪಷ್ಟವಾಗಿ ಓದಿಗೆ ಸಿಗುತ್ತದೆ. ಕೂದಲಿನ ಒಡೆಯನ ಕೋಶಕೇಂದ್ರದ ಡಿಎನ್‌ಎ ಚೂರುಚೂರಾಗಿ, ಬ್ಯಾಕ್ಟೀರಿಯಾದ ಚೂರುಗಳೊಂದಿಗೆ ಬೆರೆತು, ಯಾವುದಕ್ಕೂ ಹೊಂದದ ಕಿಚಡಿಯಾಗಿ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಚಿರತೆಯ ಕೂದಲೆಂದು ಬಂದ ಮಾದರಿಯಲ್ಲಿ ಮನುಷ್ಯನ ಡಿಎನ್‌ಎ ಕಂಡು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಮಾದರಿಯನ್ನೇ ಹಾಕದೆ ಬರೀ ರಾಸಾಯನಿಕಗಳನ್ನಷ್ಟೇ ಹಾಕಿ ಓಡಿಸುವ ಖಾಲಿ ಟ್ಯೂಬ್‌ನಲ್ಲಿಯೂ ಅದೇ ಡಿಎನ್‌ಎ ಇದ್ದದ್ದು ಕಂಡಾಗ, ಅದು ನನ್ನದೇ ಎಂದು ಗೊತ್ತಾಯಿತು.

ಮರುಪ್ರಶ್ನೆ: ಆದರೆ ಪ್ರಬಂಧ ಕೊನೆಗೂ ಪ್ರಕಟವಾಯಿತಲ್ಲವೇ? ಅದರ ನಂತರವೂ ಏಕೆ ಯಾರೂ ಒಪ್ಪಲಿಲ್ಲ?

ಉತ್ತರ: ಪ್ರಕಟವಾಯಿತು, 2013ರ ಫೆಬ್ರುವರಿ 13ರಂದು, ‘ಡಿನೋವೊ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ. ಅದು ಆ ಪತ್ರಿಕೆಯ ಮೊದಲ ಸಂಚಿಕೆ, ಅದರಲ್ಲಿದ್ದದ್ದು ಅದೊಂದೇ ಪ್ರಬಂಧ, ಓದಲು 30 ಡಾಲರ್. ಪತ್ರಿಕೆಯ ಜಾಲತಾಣದ ಹೆಸರು ನೋಂದಣಿಯಾಗಿ ಆಗಿನ್ನೂ ಒಂಬತ್ತು ದಿನ ಕಳೆದಿತ್ತು. ಬೇರೆ ಪತ್ರಿಕೆಗಳು ತಿರಸ್ಕರಿಸಿದ್ದರಿಂದ ಈ ಪತ್ರಿಕೆಯನ್ನು ತಾವೇ ಕೊಂಡುದಾಗಿ ಕೆಚಮ್ ಅವರೇ ಹೇಳಿದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ಕೇಳಿದ್ದೇವೆ, ಇಲ್ಲಿ ಕೂಸಿಗಾಗಿ ಆಸ್ಪತ್ರೆಯನ್ನೇ ಕೊಂಡಂತಾಯಿತು.

ಆದರೂ ಪತ್ರಿಕೆಯ ಹೆಸರನ್ನು ನೋಡಿ ಪಕ್ಕಕ್ಕಿಡುವುದು ಸೋಮಾರಿತನವೇ ಸರಿ. ಒಳಗೆ ಏನಿತ್ತು ಎಂಬುದು ಮುಖ್ಯ. ರಕ್ತ, ಮಾಂಸ, ಕೂದಲು ಸೇರಿ 111 ಮಾದರಿಗಳನ್ನು ಪರೀಕ್ಷಿಸಿರುವುದಾಗಿ ಬರೆದಿದ್ದರು. ಸಿಕ್ಕ ಮೈಟೊಕಾಂಡ್ರಿಯದ ಕುಲಗಳಲ್ಲಿ, ಅಂದರೆ ತಾಯಿಯ ಕಡೆಯ ವಂಶದ ಗುಂಪುಗಳಲ್ಲಿ, ಬಹುಪಾಲು ಯುರೋಪಿನವು, ಕೆಲವು ಆಫ್ರಿಕದವು. ಹದಿನೈದು ಸಾವಿರ ವರ್ಷಗಳ ಹಿಂದೆ ಅಮೆರಿಕದ ಕಾಡಿನಲ್ಲಿ ಅಂಥ ಕೂಡಿಕೆ ನಡೆದಿದ್ದರೆ ತಾಯಂದಿರು ಏಷ್ಯಾದಿಂದ ಅಲ್ಲಿಗೆ ಹೋದ ಮೂಲನಿವಾಸಿಗಳಾಗಿರಬೇಕಿತ್ತು, ಅವರಲ್ಲಿ ಕಾಣುವ ಕುಲಗಳೇ ಬೇರೆ. ಯುರೋಪ್ ಮತ್ತು ಆಫ್ರಿಕ ಮೂಲದ ತಾಯಿಯ ಸಾಲುಗಳು ಇಂದಿನ ಅಮೆರಿಕದಲ್ಲಿ ಮಾದರಿ ಹೆಕ್ಕುವ, ಕವರಿಗೆ ಹಾಕುವ, ಪ್ರಯೋಗಾಲಯದಲ್ಲಿ ತೆರೆಯುವ ಜನರಲ್ಲಿ ಧಾರಾಳವಾಗಿವೆ. ಈ ಒಂದು ಅಂಶವನ್ನು ದಾಟಿ ಮುಂದೆ ಹೋಗುವುದು ನನಗೆ ಇಂದಿಗೂ ಸಾಧ್ಯವಾಗಿಲ್ಲ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಒಳ್ಳೆಯ ಪತ್ರಿಕೆಯಲ್ಲಿ ಪ್ರಕಟವಾಗುವವರೆಗೆ ಏನನ್ನೂ ನಂಬಬಾರದು, ಪ್ರಕಟವಾದ ಮೇಲೆ ನಂಬಬಹುದು, ಹೀಗೆಂದು ತಿಳಿಯೋಣವೇ?

ಉತ್ತರ: ಅಷ್ಟು ಸರಳವಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಅದೇ 2012ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಅವರು ಬಿಗ್‌ಫುಟ್, ಹಿಮಾಲಯದ ‘ಯೇತಿ’ ಎಂಬ ಹಿಮಮಾನವ ಮೊದಲಾದವುಗಳದ್ದೆಂದು ಇಟ್ಟುಕೊಂಡಿರುವ ಕೂದಲುಗಳನ್ನು ಕಳಿಸಿ ಎಂದು ಬಹಿರಂಗವಾಗಿ ಕರೆ ಕೊಟ್ಟರು. ಬಂದ ಮಾದರಿಗಳಲ್ಲಿ ಆಯ್ದವುಗಳ ಹೊರಮೈಗೆ ಅಂಟಿದ ಮನುಷ್ಯರ ಡಿಎನ್‌ಎಯನ್ನು ಕಟ್ಟುನಿಟ್ಟಾಗಿ ತೊಳೆದು ತೆಗೆದು, ಮೈಟೊಕಾಂಡ್ರಿಯದ ಒಂದು ಸಣ್ಣ ತುಣುಕನ್ನು 30 ಮಾದರಿಗಳಲ್ಲಿ ಓದಿದರು. ಕರಡಿ, ಕುದುರೆ, ದನ, ಮುಳ್ಳುಹಂದಿ, ಹಂದಿಯಂತೆ ಕಾಣುವ ಟೇಪಿರ್, ಹೀಗೆ ಪರಿಚಿತ ಪ್ರಾಣಿಗಳೇ ಸಿಕ್ಕವು. ಆದರೆ ನಮ್ಮ ಲಡಾಖ್‌ನಲ್ಲಿ ಬೇಟೆಗಾರನೊಬ್ಬ ಹೊಡೆದ ಪ್ರಾಣಿಯದ್ದು ಒಂದು, ಭೂತಾನಿನದ್ದು ಒಂದು, ಈ ಎರಡು ಕೂದಲುಗಳು ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ದೊರೆತ ಪ್ರಾಚೀನ ಹಿಮಕರಡಿಯ ಡಿಎನ್‌ಎಗೆ ಪೂರ್ತಿ ಹೊಂದಿದವು ಎಂದರು. ಇದನ್ನು ಅವರೂ ಪ್ರಬಂಧಕ್ಕಿಂತ ಮೊದಲೇ, 2013ರ ಅಕ್ಟೋಬರ್‌ನಲ್ಲಿ ಟೀವಿಯಲ್ಲಿ ಹೇಳಿದ್ದರು ಎಂಬುದನ್ನು ಮರೆಯಬಾರದು. ಹಿಮಾಲಯದಲ್ಲಿ ಹಿಮಕರಡಿ! ನಮ್ಮ ಪ್ರಯೋಗಾಲಯದಲ್ಲಿ ಆ ವಾರವೆಲ್ಲ ಊಟದ ಹೊತ್ತಿನ ಮಾತು ಅದೇ ಆಗಿತ್ತು.

2014ರ ಜುಲೈನಲ್ಲಿ ಬ್ರಿಟನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಪರಿಣತರ ಪರಿಶೀಲನೆ ಮುಗಿಸಿಯೇ, ಪ್ರಬಂಧ ಬಂತು. ಆದರೂ ಅದರಲ್ಲಿ ತಪ್ಪಿತ್ತು. ಸೈಕ್ಸ್ ಅವರು ತಮ್ಮ ಡಿಎನ್‌ಎ ಅನುಕ್ರಮಗಳನ್ನು (ಡಿಎನ್‌ಎ ‘ಅಕ್ಷರ’ಗಳ ಸಾಲುಗಳನ್ನು) ಎಲ್ಲರೂ ನೋಡಬಹುದಾದ ಜೀನ್‌ಬ್ಯಾಂಕ್ ಎಂಬ ದತ್ತಾಂಶ ಸಂಗ್ರಹದಲ್ಲಿ ಇಟ್ಟಿದ್ದರಿಂದ, ವಿಜ್ಞಾನಿಗಳಾದ ಕೆರಿಡ್ವೆನ್ ಎಡ್ವರ್ಡ್ಸ್ ಮತ್ತು ರಾಸ್ ಬಾರ್ನೆಟ್ ಅವರು ಅವನ್ನು ತೆಗೆದು ತಾವೇ ಹೋಲಿಸಿ ನೋಡಿದರು. ಹೋಲಿಕೆ ಪ್ರಾಚೀನ ಹಿಮಕರಡಿಯೊಂದಿಗೆ ಪೂರ್ಣವಾಗಿರಲಿಲ್ಲ. ಅಷ್ಟು ಚಿಕ್ಕ ತುಣುಕಿನಲ್ಲಿ ಹಳೆಯ ಡಿಎನ್‌ಎ ಶಿಥಿಲವಾಗಿ ಒಂದು ಅಕ್ಷರ ಬದಲಾದರೂ ಹಿಮಾಲಯದ ಕಂದು ಕರಡಿ ಹಿಮಕರಡಿಯಂತೆ ಕಾಣಬಹುದು ಎಂದು ತೋರಿಸಿದರು. ಸೈಕ್ಸ್ ತಪ್ಪನ್ನು ಒಪ್ಪಿಕೊಂಡರು. 2017ರಲ್ಲಿ ಜೀವವಿಜ್ಞಾನಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಅವರ ತಂಡ ಹಿಮಮಾನವನದ್ದೆಂದು ಸಂಗ್ರಹಗಳಲ್ಲಿದ್ದ ಒಂಬತ್ತು ವಸ್ತುಗಳನ್ನು ಇನ್ನೂ ವಿಸ್ತಾರವಾಗಿ ಓದಿದಾಗ ಎಂಟು ಕರಡಿಗಳದ್ದಾಗಿದ್ದವು, ಒಂದು ಹಲ್ಲು ನಾಯಿಯದಾಗಿತ್ತು. ಹಿಮಾಲಯದ ಕಂದು ಕರಡಿಗಳ ಕವಲು ಉಳಿದ ಕಂದು ಕರಡಿಗಳಿಂದ ಸುಮಾರು 6.5 ಲಕ್ಷ ವರ್ಷಗಳ ಹಿಂದೆಯೇ ಬೇರ್ಪಟ್ಟಿತು ಎಂಬ ಅಂದಾಜು ಕೂಡ ಆ ಕೆಲಸದಿಂದ ಸಿಕ್ಕಿತು. ಹಿಮಮಾನವನನ್ನು ಹುಡುಕಲು ಹೋದವರಿಗೆ ಕರಡಿಯ ಇತಿಹಾಸ ಸಿಕ್ಕಿದ್ದನ್ನು ನಾನಂತೂ ಸೋಲೆಂದು ಎಣಿಸುವುದಿಲ್ಲ.

ಹೀಗಾಗಿ ನಾನು ಕೇಳುವ ಮೊದಲ ಪ್ರಶ್ನೆ ‘ಪ್ರಕಟವಾಗಿದೆಯೇ’ ಎಂಬುದಲ್ಲ, ‘ಮೂಲ ಅನುಕ್ರಮವನ್ನು ನಾನು ತೆಗೆದು ನೋಡಬಹುದೇ’ ಎಂಬುದು. ಪ್ರಕಟಣೆಗೆ ಮೊದಲು ಮಾತಾಡಿದ್ದೇ ಅಪರಾಧವೂ ಅಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ನೀಲ್ ಗೆಮೆಲ್ ಅವರು 2018ರಲ್ಲಿ, ‘ನೆಸ್ಸಿ’ ಎಂಬ ದೈತ್ಯ ಸರೀಸೃಪವಿದೆಯೆಂದು ಕೆಲವರು ಹೇಳುವ ಸ್ಕಾಟ್ಲೆಂಡಿನ ನೆಸ್ ಸರೋವರದ ನೀರನ್ನು ಪರೀಕ್ಷೆಗೆ ಎತ್ತುವ ಮೊದಲೇ ಏನು ಮಾಡುತ್ತೇವೆ, ಹೇಗೆ ಮಾಡುತ್ತೇವೆ ಎಂದು ಊರಿಗೆಲ್ಲ ಹೇಳಿದ್ದರು. ಮರುವರ್ಷ ಸರೀಸೃಪದ ಡಿಎನ್‌ಎ ಸಿಗಲಿಲ್ಲ, ಹಾವುಮೀನಿನದ್ದು ಧಾರಾಳವಾಗಿ ಸಿಕ್ಕಿತು ಎಂದೂ ಹೇಳಿದರು. ಅವರು ಮುಂಗಡವಾಗಿ ಹೇಳಿದ್ದು ವಿಧಾನವನ್ನು. ಕೆಚಮ್ ಅವರು ಮುಂಗಡವಾಗಿ ಹೇಳಿದ್ದು ಫಲಿತಾಂಶವನ್ನು.

ಮತ್ತೊಬ್ಬರ ಪ್ರಶ್ನೆ: 2019ರ ಏಪ್ರಿಲ್‌ನಲ್ಲಿ ನಮ್ಮ ಭಾರತೀಯ ಸೇನೆಯೇ ನೇಪಾಳದ ಮಕಾಲು ಪರ್ವತದ ಶಿಬಿರದ ಬಳಿ ಕಂಡ 32×15 ಇಂಚಿನ ಹೆಜ್ಜೆ ಗುರುತುಗಳು ಯೇತಿಯದ್ದೆಂದು ಚಿತ್ರ ಹಾಕಿತ್ತಲ್ಲ, ಅದಕ್ಕೇನು ಹೇಳುತ್ತೀರಿ?

ಉತ್ತರ: ಚಿತ್ರದಿಂದ ಡಿಎನ್‌ಎ ತೆಗೆಯಲು ಬರುವುದಿಲ್ಲ. ಹಿಮ ಕರಗುತ್ತ ಹೋದಂತೆ ಹೆಜ್ಜೆ ಅಗಲವಾಗುತ್ತದೆ, ಕರಡಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಬಿದ್ದರೆ ಉದ್ದವೂ ಆಗುತ್ತದೆ. ಹೊಸ ಹೆಜ್ಜೆಯೊಳಗಿನ ಹಿಮವನ್ನೇ ಶುದ್ಧ ಡಬ್ಬಿಯಲ್ಲಿ ತುಂಬಿ ತಂದಿದ್ದರೆ ಏನಾದರೂ ಹೇಳಬಹುದಿತ್ತು; ಹಿಮಕರಡಿಯ ಹೆಜ್ಜೆಯಿಂದ ಹಾಗೆ ಡಿಎನ್‌ಎ ಪಡೆದಿದ್ದಾರೆ.

ಕೊನೆಯ ಪ್ರಶ್ನೆ: ನನ್ನ ಅಣ್ಣ ಲಡಾಖ್ ಚಾರಣದಿಂದ ಒಂದು ಕೂದಲಿನ ಗುಚ್ಛ ತಂದಿದ್ದಾನೆ, ‘ಯೇತಿಯದ್ದು’ ಎಂದು ಅಲ್ಲಿಯವರು ಕೊಟ್ಟರಂತೆ. ಹೇಗೆ ಕಳಿಸಲಿ?

ಉತ್ತರ: ನನಗೆ ಕಳಿಸಬೇಡಿ. ಹಿಮಾಲಯದ ಕಂದು ಕರಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ, ಆದ್ದರಿಂದ ಮೊದಲು ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ವಿಷಯ ತಿಳಿಸಿ, ಅವರ ಮೂಲಕವೇ ಪರೀಕ್ಷೆಗೆ ಹೋಗಲಿ. ಅಲ್ಲಿಯವರೆಗೆ ಪ್ಲಾಸ್ಟಿಕ್‌ನಿಂದ ತೆಗೆದು ಒಣ ಕಾಗದದ ಲಕೋಟೆಯಲ್ಲಿಡಿ, ತೆಗೆಯುವಾಗ ಕೈಗವಸು ಹಾಕಿಕೊಳ್ಳಿ. ಇದುವರೆಗೆ ಅದನ್ನು ಬರಿಗೈಯಲ್ಲಿ ಮುಟ್ಟಿದವರೆಲ್ಲರ ಹೆಸರನ್ನು, ಅಣ್ಣನದ್ದನ್ನೂ ಸೇರಿಸಿ, ಲಕೋಟೆಯ ಮೇಲೆ ಬರೆದಿಡಿ.