ಹೈಸ್ಕೂಲಲ್ಲೇ ಡಿಗ್ರಿ: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ಮೈಸೂರು ಅತ್ತೆ: (ಫಾರ್ವರ್ಡ್ ಆದ ವಿಡಿಯೋ) ನೋಡ್ರೋ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಒಬ್ಬಳು ಹುಡುಗಿ ಹೈಸ್ಕೂಲ್ ಮುಗಿಯುವ ಮೊದಲೇ ಕಾಲೇಜ್ ಡಿಗ್ರಿ ತಗೊಂಡಿದ್ದಾಳೆ! ನೀವೆಲ್ಲ ಇರುವುದು ಅಲ್ಲೇ ಅಲ್ವಾ? ನಮ್ಮ ಪುಟ್ಟಿಯನ್ನೂ ಇಂಥ ಶಾಲೆಗೇ ಸೇರಿಸಿ.

ಅತ್ತಿಗೆ: ಹೌದು ಅತ್ತೆ, ಅರ್ಲಿ ಕಾಲೇಜ್ ಅಂತಾರೆ. ಪುಟ್ಟಿ ಈಗ ಎಂಟನೇ ಕ್ಲಾಸು. ಒಂಬತ್ತಕ್ಕೆ ಅರ್ಜಿ ಹಾಕೋಣ ಅಂತಿದ್ದೇವೆ.

ನಾನು: ಅತ್ತೆ, ಅದು ನಮ್ಮ ಬಿ.ಎ., ಬಿ.ಎಸ್ಸಿ. ಥರದ್ದಲ್ಲ. ಅಸೋಸಿಯೇಟ್ ಡಿಗ್ರಿ, ಎರಡು ವರ್ಷದ್ದು, ಸುಮಾರು 60 ಕ್ರೆಡಿಟ್ (ಓದಿದ ಕೋರ್ಸುಗಳನ್ನು ಅಳೆಯುವ ಲೆಕ್ಕ). ಪೂರ್ತಿ ಡಿಗ್ರಿಗೆ ಇನ್ನೆರಡು ವರ್ಷ ಓದಬೇಕು. ಈ ಶಾಲೆಗಳು ಹೆಚ್ಚಾಗಿ, ಇಂಥ ಎರಡು ವರ್ಷದ ಡಿಗ್ರಿ ಕೊಡುವ ಕಮ್ಯುನಿಟಿ ಕಾಲೇಜಿನ ಆವರಣದಲ್ಲೇ ಇರುತ್ತವೆ. ಮಕ್ಕಳು ಬೆಳಿಗ್ಗೆ ಹೈಸ್ಕೂಲ್ ಪಾಠ ಕೇಳಿ, ಮಧ್ಯಾಹ್ನ ಕಾಲೇಜಿನಲ್ಲಿ ನಾನು ಪಾಠ ಮಾಡುವ ಕ್ಲಾಸಿಗೆ ಬಂದು ದೊಡ್ಡವರ ಪಕ್ಕ ಕೂತು ಸ್ಟ್ಯಾಟಿಸ್ಟಿಕ್ಸ್ ಕಲಿಯುತ್ತಾರೆ. ಕೆಲವು ಶಾಲೆಗಳಲ್ಲಿ ನಾಲ್ಕು ವರ್ಷ, ಕೆಲವು ಕಡೆ ಐದು. ಕಾಲೇಜ್ ಫೀಸು ಕಟ್ಟಬೇಕಾಗಿಲ್ಲ.

ದೊಡ್ಡಪ್ಪ: ಇದು ನಮ್ಮ ಡಿಪ್ಲೊಮಾ ಇದ್ದ ಹಾಗೇ ಇದೆಯಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀದಾ ಬಿ.ಇ. ಎರಡನೇ ವರ್ಷಕ್ಕೆ. ನಾನು ಪಾಠ ಮಾಡಿದ ಎಷ್ಟೋ ಹುಡುಗರು ಹಾಗೇ ಎಂಜಿನಿಯರ್ ಆದರು. ಪಿಯುಸಿ, ಕೋಚಿಂಗು ಅಂತ ದುಡ್ಡು ಸುರಿಯಲು ಆಗದ ಮನೆಯವರು.

ನಾನು: ಅದನ್ನೇ ಹೇಳಬೇಕು ಅಂತಿದ್ದೆ ದೊಡ್ಡಪ್ಪ. ಇದೂ ಅಂಥ ಮನೆ ಮಕ್ಕಳಿಗಾಗಿಯೇ ಶುರುವಾಗಿದ್ದು. 1974ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾ ಕಮ್ಯುನಿಟಿ ಕಾಲೇಜಿನೊಳಗೆ ಒಂದು ಹೈಸ್ಕೂಲ್ ತೆರೆದರು. ಓದು ಅರ್ಧಕ್ಕೇ ಬಿಡಬಹುದಾದ ಮಕ್ಕಳನ್ನು ಕಾಲೇಜಿನ ವಾತಾವರಣಕ್ಕೆ ತಂದು ಉಳಿಸಿಕೊಳ್ಳುವುದು ಅದರ ಉದ್ದೇಶ. 2002ರಿಂದ ಗೇಟ್ಸ್ ಫೌಂಡೇಶನ್ ಹಣ ಕೊಟ್ಟ ಮೇಲೆ ಇಂಥ ಶಾಲೆಗಳು ದೇಶದ ತುಂಬ ಬಂದವು. ನಮ್ಮ ನಾರ್ತ್ ಕೆರೊಲಿನಾ 2003ರಲ್ಲೇ ಕಾನೂನು ಮಾಡಿತು. ಯಾರಿಗಾಗಿ ಅಂತ ಅದರಲ್ಲೇ ಬರೆದಿದೆ: ಶಾಲೆ ಬಿಡುವ ಅಪಾಯ ಇರುವವರು, ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಹೋಗುವವರು. ಅಣ್ಣ, ನೀವಿಬ್ಬರೂ ಎಂ.ಟೆಕ್.! ಒಂದು ತರಗತಿಗೆ ಇರುವುದೇ 100ರ ಆಸುಪಾಸು ಸೀಟು.

ಅತ್ತಿಗೆ: ಕಾನೂನು ಪೂರ್ತಿ ಹೇಳು. ಬೇಗ ಬೇಗ ಕಲಿಯುವ ಸಾಮರ್ಥ್ಯ ಇರುವ ಮಕ್ಕಳಿಗೂ ಅಂತ ಅದರಲ್ಲೇ ಇದೆ. ನಾವೂ ತೆರಿಗೆ ಕಟ್ಟುತ್ತೇವೆ. ಪುಟ್ಟಿಗೆ ಈಗಿನ ಕ್ಲಾಸು ಸಾಲುತ್ತಿಲ್ಲ, ಸುಮ್ನೆ ಕೂತು ಬರುತ್ತಾಳೆ. ಅಪ್ಪ ಅಮ್ಮ ಓದಿದ್ದಾರೆ ಅನ್ನುವುದು ಅವಳ ತಪ್ಪಾ?

ಮೈಸೂರು ಅತ್ತೆ: ಅದೂ ಸರಿಯೇ.

ನಾನು: ಖಂಡಿತ ಅವಳ ತಪ್ಪಲ್ಲ ಅತ್ತಿಗೆ. ಆದರೆ ಈ ಸೀಟು ತಪ್ಪಿದರೂ ಅವಳು ಕಾಲೇಜಿಗೆ ಹೋಗೇ ಹೋಗುತ್ತಾಳೆ. ಮನೆ ಪಕ್ಕದ ಹೈಸ್ಕೂಲಿನಲ್ಲಿ ಎ.ಪಿ., ಅಂದರೆ ಕಾಲೇಜ್ ಮಟ್ಟದ, ಕೋರ್ಸುಗಳಿವೆ. ಅರ್ಜಿ ತುಂಬಲು ನೀವಿದ್ದೀರಿ. ನನ್ನ ಕ್ಲಾಸಿನ ಒಬ್ಬ ಹುಡುಗನ ಮನೆಯಲ್ಲಿ ಅವನಿಗೆ ಅದನ್ನೆಲ್ಲ ಹೇಳಿಕೊಡುವವರು ಒಬ್ಬರೂ ಇಲ್ಲ. ಕ್ಲಾಸು ಮುಗಿದ ಮೇಲೆ ಉಳಿದು, ಕ್ರೆಡಿಟ್ ಅಂದರೇನು, ಟ್ರಾನ್ಸ್‌ಫರ್ ಹೇಗೆ ಅಂತ ಕೇಳುತ್ತಾನೆ. ಈ ಶಾಲೆ ಇಲ್ಲದಿದ್ದರೆ ಅವನು ಕಾಲೇಜಿನ ಕಡೆ ಬರುವುದೇ ಕಷ್ಟವಿತ್ತು. ಅರ್ಜಿ ಜಾಸ್ತಿ ಬಂದ ಕಡೆ ಲಾಟರಿ ಎತ್ತಿದಾಗ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ಅಧ್ಯಯನ ಮಾಡಿದ್ದಾರೆ. ಸಿಕ್ಕವರಲ್ಲಿ ಕಾಲೇಜು ಸೇರಿದವರೂ ಡಿಗ್ರಿ ಪಡೆದವರೂ ಜಾಸ್ತಿ. ಒಂದೊಂದು ಸೀಟಿಗೂ ಅಷ್ಟು ಬೆಲೆ ಇದೆ.

ಅಣ್ಣ: ಎರಡು ವರ್ಷದ ಕಾಲೇಜ್ ಖರ್ಚು ಉಳಿಯುವುದು ಸಣ್ಣ ಮಾತಾ? ರಾಜ್ಯದ 16 ಸರ್ಕಾರಿ ವಿಶ್ವವಿದ್ಯಾಲಯಗಳೂ ಈ ಡಿಗ್ರಿ ಒಪ್ಪುತ್ತವೆ.

ನಾನು: ಒಪ್ಪುತ್ತವೆ, ಅದು ಒಳ್ಳೆಯ ಏರ್ಪಾಡು. ಹೊರರಾಜ್ಯದ ಕಾಲೇಜು, ಖಾಸಗಿ ಕಾಲೇಜುಗಳದ್ದು ಬೇರೆ ಲೆಕ್ಕ. ಎಷ್ಟು ಕ್ರೆಡಿಟ್ ತಗೊಳ್ಳಬೇಕು ಅಂತ ಅವರೇ ನಿರ್ಧರಿಸುತ್ತಾರೆ. ಎಂಜಿನಿಯರಿಂಗ್ ಆದರೆ ಅದಕ್ಕೆ ಬೇಕಾದ ಗಣಿತ, ಫಿಸಿಕ್ಸ್ ಈ 60ರಲ್ಲಿ ಸೇರಿರಬೇಕು. ಇಲ್ಲದಿದ್ದರೆ ಎರಡು ವರ್ಷ ಉಳಿಯುವುದಿಲ್ಲ. ಇನ್ನೊಂದು ಮುಖ್ಯ ವಿಷಯ. 15ನೇ ವಯಸ್ಸಿನಲ್ಲಿ ಕಾಲೇಜ್ ಕೋರ್ಸಿನಲ್ಲಿ ಒಂದು ಸಿ ಗ್ರೇಡ್ ಬಂದರೆ ಅದು ಕಾಲೇಜ್ ಅಂಕಪಟ್ಟಿಯಲ್ಲಿ ಹಾಗೇ ಇರುತ್ತದೆ. ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ, ಹೈಸ್ಕೂಲಲ್ಲಿದ್ದಾಗ ಓದಿದ ಕಾಲೇಜ್ ಕೋರ್ಸುಗಳನ್ನೂ ತೋರಿಸಬೇಕು. ಪುಟ್ಟಿ ಡಾಕ್ಟರ್ ಆಗಬೇಕು ಅಂತ ನೀನೇ ಅಂತಿದ್ದೆ.

ಅಣ್ಣ: ಇದು ಗೊತ್ತಿರಲಿಲ್ಲ.

ದೊಡ್ಡಪ್ಪ: ಮಗುವನ್ನು ಯಾರಾದರೂ ಕೇಳಿದಿರಾ?

ಪುಟ್ಟಿ: ನನಗೆ ಕೆಮಿಸ್ಟ್ರಿ ಬೇಗ ಶುರು ಮಾಡಬೇಕು ತಾತ. ಆದರೆ ವಯೊಲಿನ್ ಬಿಡಲ್ಲ. ಅಲ್ಲಿ ಆರ್ಕೆಸ್ಟ್ರಾ ಇದೆಯಾ ಅತ್ತೆ?

ನಾನು: ಹೆಚ್ಚಿನ ಅರ್ಲಿ ಕಾಲೇಜುಗಳಲ್ಲಿ ಇರಲ್ಲ ಪುಟ್ಟಿ. ಚಿಕ್ಕ ಶಾಲೆಗಳು. ಆಟದ ತಂಡ, ಬ್ಯಾಂಡು ಎಲ್ಲ ಕಡಿಮೆ. ಹೋದಾಗ ನೀನೇ ಕೇಳು. ಕೆಮಿಸ್ಟ್ರಿ ಯಾವ ವರ್ಷದಿಂದ ಅಂತಲೂ ಕೇಳು.

ಅತ್ತಿಗೆ: ಮೊದಲು ಶಾಲೆ ನೋಡಿ ಬರುತ್ತೇವೆ. ಅವಳಿಗೆ ಇಷ್ಟ ಆದರೆ ಅರ್ಜಿ ಹಾಕುತ್ತೇವೆ. ಲಾಟರಿಯಲ್ಲಿ ಬಂದರೆ ಬರಲಿ.

ನಾನು: ನೋಡಿ ಬನ್ನಿ ಅತ್ತಿಗೆ. ಅವಳ ಓದಿನ ಬಗ್ಗೆ ಏನು ಬೇಕಾದರೂ ನನ್ನನ್ನು ಕೇಳಿ. ಸೀಟಿನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಲ್ಲ.

ಅತ್ತಿಗೆ: ನನ್ನದೂ ಬದಲಾಗಲ್ಲ. ಶನಿವಾರ ಊಟಕ್ಕೆ ಬಾ, ಕೂತು ಮಾತಾಡೋಣ.