ಫಿಲ್ಟರ್ ಕಾಫಿಗೆ ಓಟ್ಸ್ ಹಾಲು ಇಟ್ಟುಕೊಳ್ಳಬಹುದಾ?

ಡೊಂಬಿವಲಿ_ಡಿಕಾಕ್ಷನ್:
ನಮಸ್ಕಾರ. ಡೊಂಬಿವಲಿ ಸ್ಟೇಷನ್ ಹತ್ತಿರ ನಮ್ಮದು ಸಣ್ಣ ಇಡ್ಲಿ-ಕಾಫಿ ಅಂಗಡಿ. ಕಾಫಿಗೆ ಎಮ್ಮೆ ಹಾಲು. ಈಗ ಆಫೀಸಿಗೆ ಹೋಗುವ ಹುಡುಗರು "ಅಣ್ಣಾ, ಓಟ್ ಮಿಲ್ಕ್ ಇದೆಯಾ" ಅಂತ ಕೇಳುತ್ತಾರೆ. ಮೊನ್ನೆ ಬಾದಾಮಿ ಹಾಲಿನ ಪ್ಯಾಕ್ ತಂದೆ. ಬಿಸಿ ಡಿಕಾಕ್ಷನ್ ಮೇಲೆ ಹುಯ್ದ ಕೂಡಲೇ ಒಡೆದು ಚೂರು ಚೂರಾಗಿ ತೇಲಿತು. ಯಾವುದು ಇಡಲಿ? ಇದೆಲ್ಲ ನಾಲ್ಕು ದಿನದ ಷೋಕಿನಾ, ನಿಲ್ಲುವಂಥದ್ದಾ?

ಠಾಣೆ_ಅಕ್ಕ:
ಅಣ್ಣಾ, ನಾನು ಪಾನೀಯಗಳ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಡಿಕಾಕ್ಷನ್‌ನಲ್ಲಿ ಸಣ್ಣ ಹುಳಿ ಇರುತ್ತದೆ. ಬಾದಾಮಿ, ಸೋಯಾ ಹಾಲಿನ ಪ್ರೋಟೀನ್‌ಗೆ ಹುಳಿ, ಬಿಸಿ ಎರಡೂ ಒಟ್ಟಿಗೆ ತಾಗಿದರೆ ಅದು ಗಟ್ಟಿಯಾಗಿ ಬೇರೆಯಾಗುತ್ತದೆ. ತಣ್ಣನೆ ಹಾಲಾದರೆ ಇನ್ನೂ ಬೇಗ. ಮೊದಲು ಹಾಲು ಬಿಸಿ ಮಾಡಿ ಲೋಟಕ್ಕೆ ಹಾಕಿ, ಡಿಕಾಕ್ಷನ್ ಮೇಲಿಂದ ನಿಧಾನಕ್ಕೆ ಬಿಡಿ. ಎಮ್ಮೆ ಹಾಲಿನ ಹಾಗೆ ಉಕ್ಕಿಸಬೇಡಿ. 'ಬರಿಸ್ಟಾ' (ಅಂದರೆ ಕಾಫಿಗೆಂದೇ ಮಾಡಿದ್ದು) ಅಂತ ಬರೆದ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಹುಳಿ ತಡೆಯುವ ಫಾಸ್ಫೇಟ್, ಹಾಲು ದಪ್ಪಗೆ ಬರಲು ಎಣ್ಣೆ ಸೇರಿಸಿರುತ್ತಾರೆ. ಅಂಗಡಿಗೆ ಅದೇ ಸರಿ.

ಓಟ್ಸ್ ಹಾಲು ಮನೆಯಲ್ಲಿ ಮಾಡಿ ಕಾಯಿಸಿದರೆ ಗಂಜಿ ಆಗುತ್ತದೆ. ಫ್ಯಾಕ್ಟರಿಯಲ್ಲಿ ಕಿಣ್ವ ಹಾಕಿ ಅದರ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಾರೆ. ಅದಕ್ಕೇ ಸಕ್ಕರೆ ಹಾಕದಿದ್ದರೂ ಸಿಹಿ. ನೀವು ಸಕ್ಕರೆ ಕಡಿಮೆ ಹಾಕಿ. ಶುಗರ್ ಇರುವವರಿಗೆ ಒಂದು ಮಾತು ಹೇಳಿಬಿಡಿ, ಪುಣ್ಯ ಬರುತ್ತದೆ.

ಷೋಕಿ ಅಲ್ಲ. ಓಟ್ಸ್ ಹಾಲು ಮಾಡುವ ಓಟ್ಲಿ ಅನ್ನೋ ಸ್ವೀಡನ್ ಕಂಪನಿ ಲುಂಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 1990ರ ದಶಕದಲ್ಲಿ ಹುಟ್ಟಿದ್ದು. ಅಮೆರಿಕಕ್ಕೆ ಕಾಲಿಟ್ಟಿದ್ದು ಕಾಫಿ ಅಂಗಡಿಗಳ ಮೂಲಕವೇ. 2018ರಲ್ಲಿ ಅಲ್ಲಿ ಮಾಲೇ ಸಿಗದ ಹಾಗಾಯಿತು. ಹಾಗಂತ ಏರಿದ್ದೆಲ್ಲ ಏರುತ್ತಲೇ ಇರುವುದಿಲ್ಲ. 2021ರಲ್ಲಿ 17 ಡಾಲರ್‌ಗೆ ಬಿಟ್ಟ ಅವರ ಷೇರು ಆಮೇಲೆ ನೆಲ ಕಚ್ಚಿತು. ಕಟ್ಟುಗಟ್ಟಲೆ ಸ್ಟಾಕ್ ತಂದು ಕೂರಬೇಡಿ.

ನಮ್ಮಲ್ಲಿ ತೆರಿಗೆಯೂ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಸೋಯಾ ಹಾಲಿಗೆ 12 ಇದ್ದದ್ದು, ಉಳಿದ ಸಸ್ಯದ ಹಾಲಿಗೆ 18 ಇದ್ದದ್ದು, ಎರಡೂ ಶೇ 5ಕ್ಕೆ ಬಂದಿವೆ.

ನನಗೆ ಬೇಜಾರಾಗುವುದು ಸೋಯಾ ವಿಷಯಕ್ಕೆ. ಲಾತೂರಿನ ಕಡೆ ಅಷ್ಟೊಂದು ಬೆಳೆಯುತ್ತಾರೆ. 100 ಎಂ.ಎಲ್.ಗೆ ಸುಮಾರು 3 ಗ್ರಾಂ ಪ್ರೋಟೀನ್, ಹಸುವಿನ ಹಾಲಿನಷ್ಟೇ. ಓಟ್ಸ್‌ನಲ್ಲಿ 1ರ ಆಸುಪಾಸು, ಬಾದಾಮಿ ಹಾಲಿನಲ್ಲಿ ಎಷ್ಟೋ ಸಲ ಅದೂ ಇಲ್ಲ. ಜನ ದುಡ್ಡು ಜಾಸ್ತಿ ಕೊಟ್ಟು ಬಾದಾಮಿ ತೊಳೆದ ನೀರು ಕುಡಿಯುತ್ತಾರೆ, ಪೌಷ್ಟಿಕ ಅಂದುಕೊಂಡು! ಸೋಯಾಗೆ ಹಸಿ ವಾಸನೆ ಅಂತ ದೂರು ಇದೆ, ನಿಜ. ಆದರೆ ಕಾಳನ್ನು ಕುದಿಯುವ ನೀರಲ್ಲಿ ರುಬ್ಬಿದರೆ ಅದು ತುಂಬಾ ತಗ್ಗುತ್ತದೆ. ಚಿಕೋರಿ ಹಾಕಿದ ನಮ್ಮ ಕಾಫಿಯಲ್ಲಂತೂ ಗೊತ್ತೇ ಆಗುವುದಿಲ್ಲ. ಓಟ್ಸ್ ಜೊತೆ ಸೋಯಾನೂ ಇಡಿ, ದಯವಿಟ್ಟು.

ಮಡಗಾಂವ್_ಮಾವ:
ಇಲ್ಲಿ ಗೋವಾದಲ್ಲಿ ಗೋಡಂಬಿ ಹಾಲಿನ ಕಾಫಿ ಮಾಡಿ ನೋಡಿದ್ದೇನೆ, ರುಚಿ ಚೆನ್ನಾಗಿದೆ. ಆದರೆ ಗೋಡಂಬಿ, ಬಾದಾಮಿ ಕೆಲವರಿಗೆ ಅಲರ್ಜಿ. ಸೋಯಾನೂ ಅಷ್ಟೇ. ಪಾತ್ರೆ, ಸೌಟು ಬೇರೆ ಇಡಲೇಬೇಕು. ತೆಂಗಿನ ಹಾಲು ನಮ್ಮ ಪುನರ್ಪುಳಿ ಪಾನೀಯ ಸೋಲ್ ಕಡಿಗೆ ಸರಿ, ಕಾಫಿಗೆ ಬೇಡ, ವಾಸನೆ ಮೇಲೆ ಬರುತ್ತದೆ.

ಕೋಥ್ರೂಡ್_ಅಮ್ಮ:
ಅಕ್ಕ, ನನ್ನ ಎರಡು ವರ್ಷದ ಮಗನಿಗೆ ಹಾಲು ಬಿಡಿಸಿ ಓಟ್ಸ್ ಹಾಲು ಕೊಡಲಾ? ಅವನಿಗೆ ಹೊಟ್ಟೆ ಉಬ್ಬರ.

ಠಾಣೆ_ಅಕ್ಕ:
ಸುಮ್ನೆ ಬಿಡಿಸಬೇಡಮ್ಮ. ಮಕ್ಕಳ ಡಾಕ್ಟರಿಗೆ ತೋರಿಸು. ಹಾಲಿನ ಸಕ್ಕರೆ ಜೀರ್ಣ ಆಗದಿರುವುದೇ ಬೇರೆ, ಹಾಲಿನ ಪ್ರೋಟೀನ್ ಅಲರ್ಜಿಯೇ ಬೇರೆ. ಮೊದಲನೆಯದಾದರೆ ಎಷ್ಟೋ ಜನರಿಗೆ ಮೊಸರು ಒಗ್ಗುತ್ತದೆ. ಅಲರ್ಜಿ ಇದ್ದರೆ ಮೊಸರೂ ಕೊಡುವ ಹಾಗಿಲ್ಲ. ಓಟ್ಸ್ ಹಾಲಲ್ಲಿ ಪ್ರೋಟೀನ್ ಕಮ್ಮಿ. ಕ್ಯಾಲ್ಸಿಯಂ ಬೇರೆಯಾಗಿ ಸೇರಿಸಿದ್ದರೆ ಮಾತ್ರ ಉಂಟು, ಪ್ಯಾಕ್ ಹಿಂದೆ ನೋಡು.

ಡೊಂಬಿವಲಿ_ಡಿಕಾಕ್ಷನ್:
ಅಕ್ಕ, ನೀವು ಹೇಳಿದ ಹಾಗೆ ಮಾಡಿದೆ. ಹಾಲು ಬಿಸಿ ಮಾಡಿ, ಡಿಕಾಕ್ಷನ್ ಮೇಲಿಂದ ಬಿಟ್ಟೆ. ಒಡೆಯಲಿಲ್ಲ. ಸೋಯಾ ಒಂದು, ಬರಿಸ್ಟಾ ಓಟ್ಸ್ ಒಂದು ತರಿಸಿದ್ದೇನೆ. ಲೋಟಕ್ಕೆ ಎಷ್ಟು ರೇಟ್ ಜಾಸ್ತಿ ಹಾಕಿದರೆ ಗಿರಾಕಿಗೆ ಭಾರ ಆಗುವುದಿಲ್ಲ, ಅಂಗಡಿ ಇಟ್ಟವರು ಯಾರಾದರೂ ಹೇಳಿ.